ಮೆಷರೇಬಲ್ ಎಡಗೈ

ಕ್ಷೌರದಂಗಡಿಯಲ್ಲಿ ಎಲ್ಲರೂ ನೋಡುವುದು ಬಲಗೈಯನ್ನು. ಕತ್ತರಿ ಕಚಕಚ ಅನ್ನುವುದು ಅಲ್ಲಿಯೇ. ಎಡಗೈ ಏನು ಮಾಡುತ್ತದೆ ಎಂದು ಕೇಳಿ, ಯಾರಿಗೂ ಹೇಳಲು ಬರುವುದಿಲ್ಲ. ತಲೆಯನ್ನು ಒಂದಿಷ್ಟು ಆಚೆ ವಾಲಿಸುವುದು, ಕಿವಿಯನ್ನು ಮಡಿಸಿ ಹಿಡಿಯುವುದು, ಕೆನ್ನೆಯ ಚರ್ಮ ಎಳೆದು ಕತ್ತಿಗೆ ದಾರಿ ಮಾಡಿಕೊಡುವುದು, ಗಿರಾಕಿ ತೂಕಡಿಸಿದರೆ ಗದ್ದಕ್ಕೆ ಆಸರೆಯಾಗುವುದು, ಎಲ್ಲ ಎಡಗೈಯದೇ ಕೆಲಸ. ಬಲಗೈ ಕತ್ತರಿಸುತ್ತದೆ, ಅಷ್ಟೇ. ಎಡಗೈ ಇಲ್ಲದಿದ್ದರೆ ಅದು ಕುರಿಯ ಉಣ್ಣೆ ಕತ್ತರಿಸಿದ ಹಾಗೆ.

ನನ್ನ ಅಣ್ಣನ ಎಡಗೈ ಊರಿಗೆಲ್ಲ ಹೆಸರಾಗಿತ್ತು. ಅಳುವ ಮಗುವಿನ ತಲೆಯ ಮೇಲೆ ಆ ಕೈ ಬಿದ್ದರೆ ಮಗು ಸುಮ್ಮನಾಗುತ್ತಿತ್ತು. ಅವನ ಅಂಗಡಿಯ ಪಕ್ಕದಲ್ಲೇ ನನ್ನ ಇಸ್ತ್ರಿ ಅಂಗಡಿ, ನಡುವೆ ಒಂದು ಹಲಗೆಯ ಗೋಡೆ. ಆ ಕಡೆಯಿಂದ ಅವನು ಗಿರಾಕಿಗಳಿಗೆ ಹೇಳುವುದು ನನಗೆ ಕೇಳಿಸುತ್ತಿತ್ತು: “ಪಕ್ಕದಲ್ಲಿ ಎರಡು ಬಿಸಿ ಸಾಮಾನಿವೆ. ಒಂದಕ್ಕೆ ಸ್ವಿಚ್ ಇದೆ, ಆರಿಸಬಹುದು.” ಇನ್ನೊಂದು ನಾನು. ನನ್ನನ್ನು ಅವನು ಕರೆಯುವುದೇ ಕೆಂಡ ಎಂದು. ಅತ್ತಿಗೆ ತೀರಿಕೊಂಡು ವರ್ಷಗಳಾಗಿವೆ. ನನ್ನ ಗಂಡ ಬದುಕಿದ್ದಾನೆ, ಎಲ್ಲಿ ಎಂದು ಮಾತ್ರ ಕೇಳಬೇಡಿ. ಹೀಗಾಗಿ ಅಣ್ಣನಿಗೆ ನಾನು, ನನಗೆ ಅಣ್ಣ.

ಒಂದು ಬೆಳಿಗ್ಗೆ ಅವನು ಮೇಷ್ಟ್ರ ತಲೆಗೂದಲು ಕತ್ತರಿಸುತ್ತಿದ್ದ. ಮೇಷ್ಟ್ರು ಅಂದರೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಡುನೆತ್ತಿ ಬೋಳು, ಸುತ್ತ ಮಾತ್ರ ಬೆಳ್ಳನೆಯ ಕೂದಲು. ಅದನ್ನು ಅವರು ತೋಟ ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಿದ್ದರು. ಅರ್ಧ ಆಗಿತ್ತು. ಅಣ್ಣನ ಎಡಗೈ ಅವರ ತಲೆಯಿಂದ ಜಾರಿ ಹೆಗಲಿಗೆ ಬಿತ್ತು, ಹೆಗಲಿಂದ ಕೆಳಗೆ. “ಏನಯ್ಯಾ, ಕೈ ಸೋತಿತಾ?” ಎಂದು ಮೇಷ್ಟ್ರು ಕನ್ನಡಿಯಲ್ಲಿ ನೋಡುವಾಗ ಅಣ್ಣನ ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ಲಕ್ವ. ನಾನು ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆಯೇ ಬಿಟ್ಟು ಓಡಿಬಂದೆ. ಆಸ್ಪತ್ರೆಗೆ ಆಟೋದಲ್ಲಿ ನಮ್ಮ ಜೊತೆ ಬಂದದ್ದು ಮೇಷ್ಟ್ರೇ, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ, ಅರ್ಧ ತಲೆಯಲ್ಲಿ. ಆ ಮನುಷ್ಯ ಮಿಕ್ಕ ಅರ್ಧವನ್ನು ಬೇರೆ ಯಾರ ಕೈಯಲ್ಲೂ ಕತ್ತರಿಸಿಕೊಳ್ಳಲಿಲ್ಲ. ಟೋಪಿ ಹಾಕಿಕೊಂಡು ಓಡಾಡಿದರು. “ಮಿಕ್ಕದ್ದು ನೀನೇ ಮುಗಿಸಬೇಕು” ಎಂದು ಅಣ್ಣನ ಹಾಸಿಗೆಯ ಪಕ್ಕ ನಿಂತು ಹೇಳಿದರು. ಬಾಯಿ ಸೊಟ್ಟಗಾಗಿದ್ದರೂ ಅಣ್ಣ ಉತ್ತರ ಕೊಟ್ಟ: “ಅದಕ್ಕೇ... ಉಳಿಸ್ಕೊಂಡಿರೋದು... ನಿಮ್ಮನ್ನ ಕಟ್ಟಿಹಾಕೋಕೆ.”

ಮಾತು ಬೇಗ ಬಂತು. ಕಾಲೂ ಎಳೆದುಕೊಂಡು ನಡೆಯುವಷ್ಟು ಬಂತು. ಎಡಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುವ ಒಂದು ಕೇಂದ್ರ ನಮ್ಮಲ್ಲಿದೆ. ದೊಡ್ಡವರು ಯಾರೋ ದಾನ ಕೊಟ್ಟು ನಡೆಸುವುದು, ದುಡ್ಡು ಕೇಳುವುದಿಲ್ಲ. ಅದಕ್ಕೇ ಸಾಲು ಬೀದಿಯವರೆಗೆ. ಒಳಗೆ ಒಂದು ಉದ್ದನೆಯ ಹಾಲ್, ಗೋಡೆ ತುಂಬ ಕನ್ನಡಿ, ಹಿಡಿದು ನಡೆಯಲು ಕಬ್ಬಿಣದ ಸರಳು, ಫಿನಾಯಿಲ್ ವಾಸನೆಯ ಚಾಪೆಗಳು. ಅಣ್ಣನಿಗೆ ಸಿಕ್ಕಿದ ಫಿಸಿಯೋ ಹುಡುಗಿ ಸಣ್ಣ ವಯಸ್ಸಿನವಳು, ಮಾತು ಕಡಿಮೆ. ನನ್ನನ್ನು ಆಂಟಿ ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಸಹಿಸಿಕೊಂಡೆ, ಯಾಕೆಂದರೆ ಅವಳ ಕೈ ಒಳ್ಳೆಯದು. ಅಣ್ಣನ ಬೆರಳುಗಳನ್ನು ಒಂದೊಂದೇ ಬಿಡಿಸುತ್ತಿದ್ದಳು. ಟವೆಲ್ ಹಾಸಿ ಅದರ ಮೇಲೆ ಅಂಗೈಯನ್ನು ನೀವುತ್ತಿದ್ದಳು. ಕೈ ಮುಚ್ಚಿಕೊಳ್ಳದಂತೆ ಒಂದು ಪುಟ್ಟ ಹಲಗೆಗೆ ಕಟ್ಟಿಡುತ್ತಿದ್ದಳು. ನೋಡಿದರೆ ಏನೂ ಮಾಡುತ್ತಿಲ್ಲ ಅನ್ನಿಸಬೇಕು, ಅಷ್ಟು ನಿಧಾನ.

ಕೆಲವು ತಿಂಗಳ ಮೇಲೆ ಒಂದು ದಿನ ಅವಳು ನನ್ನನ್ನು ಅಣ್ಣನ ಮುಂದೆ ಸ್ಟೂಲಿನ ಮೇಲೆ ಕೂರಿಸಿದಳು. “ಅಂಕಲ್, ಈ ಗಿರಾಕಿ ತಲೆ ಹಿಡೀರಿ ನೋಡೋಣ.”

ಅಣ್ಣ ಎಡಗೈಯನ್ನು ಎತ್ತಿದ. ಹಲ್ಲು ಕಚ್ಚಿಕೊಂಡು, ಬೆವರುತ್ತಾ ಎತ್ತಿದ. ಅದು ನನ್ನ ತಲೆಯ ಮೇಲೆ ಬಂದು ಕೂತಿತು. ಬೆರಳು ಬಿಚ್ಚಿಕೊಂಡಿದ್ದವು. ಅಂಗೈ ಬೆಚ್ಚಗಿತ್ತು. ಆಮೇಲೆ ತಲೆ ಒಂದು ಕೂದಲೆಳೆಯಷ್ಟು ಬಲಕ್ಕೆ ವಾಲಿತು. ನಾನು ವಾಲಿಸಲಿಲ್ಲ. ಅವನು ವಾಲಿಸಿದ.

“ಸ್ವಲ್ಪ ಹೀಗೆ ಬನ್ನಿ ಅಮ್ಮ,” ಎಂದ, ಅಂಗಡಿಯ ಧ್ವನಿಯಲ್ಲಿ. “ಏನು, ಎಣ್ಣೆ ಕಂಡು ಎಷ್ಟು ದಿನ ಆಯ್ತು ಈ ತಲೆ?”

“ನಿನ್ನ ನೋಡ್ಕೊಳ್ಳೋದ್ರಲ್ಲಿ ಎಣ್ಣೆ ಹಚ್ಚೋಕೆ ಪುರುಸೊತ್ತೆಲ್ಲಿದೆ ನಂಗೆ!” ಎಂದು ಬೈದೆ. ಬೈಯದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಫಿಸಿಯೋ ಹುಡುಗಿ ಕನ್ನಡಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಹೀಗೇ ಮಾಡಿಸುತ್ತಾ ಹೋದರೆ ವರ್ಷದೊಳಗೆ ಅಂಕಲ್ ಕುರ್ಚಿಯ ಹಿಂದೆ ನಿಲ್ಲಬಹುದು ಎಂದಳು. ನಿಲ್ಲಬಹುದು ಎಂದಳು, ನಿಲ್ಲುತ್ತಾರೆ ಎನ್ನಲಿಲ್ಲ. ಅವಳು ಹಾಗೇ, ಇಲ್ಲದ್ದನ್ನು ಹೇಳುವವಳಲ್ಲ.

ಆ ವಾರವೇ ಆಫೀಸಿನಿಂದ ಕರೆ ಬಂತು.

ಕೇಂದ್ರದ ಆಫೀಸಿನಲ್ಲಿ ಒಬ್ಬ ಸಾಹೇಬ. ಅಣ್ಣ ಅವನಿಗೆ ಅಳತೆಗೋಲು ಎಂದು ಹೆಸರಿಟ್ಟಿದ್ದ, ನೆಟ್ಟಗೆ, ಸಪೂರ, ಬಗ್ಗುವುದೇ ಇಲ್ಲ ಎಂದು. ಒಬ್ಬ ರೋಗಿಯನ್ನು ಇನ್ನೂ ಇಟ್ಟುಕೊಳ್ಳಬೇಕೋ, ಜಾಗ ಖಾಲಿ ಮಾಡಿಸಬೇಕೋ ಎಂದು ತೀರ್ಮಾನಿಸುವುದಕ್ಕೆ ಮನೆಯವರು ಒಂದು ವರದಿ ಬರೆದುಕೊಡಬೇಕಿತ್ತು: ಏನು ಸುಧಾರಿಸಿದೆ, ಮುಂದಿನ ಗುರಿ ಏನು. ಇಂಗ್ಲಿಷಿನಲ್ಲೇ ಬರೆಯಬೇಕು, ಮೇಲಿನವರು ಓದುವುದು ಅದೊಂದನ್ನೇ. ಅವರು ಕೊಟ್ಟಿದ್ದ ಸೂಚನೆಯಲ್ಲಿ ‘ಮೆಷರೇಬಲ್’ ಎಂಬ ಪದಕ್ಕೆ ಕೆಳಗೆ ಗೆರೆ ಎಳೆದಿತ್ತು. ವರದಿಯಲ್ಲಿ ಆ ಪದ ಇರಲೇಬೇಕಂತೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ. ನಮಗೆ ಇಂಗ್ಲಿಷ್ ಕಲಿಸಿದವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಗೆರೆ ಎಳೆದಿದ್ದಾರೆ ಅಂದರೆ ಒಳ್ಳೆಯ ಪದವೇ ಇರಬೇಕು, ‘ಬಹಳ’ ಅಂತಲೋ ‘ಮೆಚ್ಚುವಂಥ’ ಅಂತಲೋ ಇರಬೇಕು ಅಂದುಕೊಂಡು ಸಾಲಿಗೊಂದರಂತೆ ಹಾಕಿದ್ದೆ. ಜಿಪುಣತನ ಮಾಡಿರಲಿಲ್ಲ.

ಸಾಹೇಬ ನನ್ನ ವರದಿಯನ್ನು ಹಿಡಿದು, ಪಕ್ಕದ ಮೇಜಿನ ಗುಮಾಸ್ತನಿಗೂ ಕೇಳುವಂತೆ ಓದಿದ. ಒಂದೊಂದು ಸಾಲು ಓದಿ ನಮ್ಮ ಭಾಷೆಯಲ್ಲಿ ಅರ್ಥವನ್ನೂ ಹೇಳಿದ.

“ಅಣ್ಣನ ಕೈ ಮೆಷರೇಬಲ್ ಮೆತ್ತಗಾಗಿದೆ. ಅಣ್ಣ ಮೆಷರೇಬಲ್ ಖುಷಿಯಾಗಿದ್ದಾನೆ. ಫಿಸಿಯೋ ಮೇಡಂ ಮೆಷರೇಬಲ್ ಒಳ್ಳೆಯವರು. ದಯವಿಟ್ಟು ಮೆಷರೇಬಲ್ ಸಹಾಯ ಮಾಡಿ.”

ಗುಮಾಸ್ತ ನಗು ತಡೆಯಲಾರದೆ ಫೈಲನ್ನು ಮುಖಕ್ಕೆ ಅಡ್ಡ ಹಿಡಿದ.

“ನಗೋದಾದ್ರೆ ಫೈಲ್ ಕೆಳಗಿಟ್ಟು ನಗಪ್ಪ,” ಎಂದೆ. “ನಿಮ್ಮ ಪದ, ನೀವೇ ಹಾಕಿ ಅಂದ್ರಿ, ಹಾಕಿದೀನಿ.”

“ಅಮ್ಮಾ, ಅದು ಉಪ್ಪಲ್ಲ, ಎಲ್ಲದಕ್ಕೂ ಉದುರಿಸೋಕೆ,” ಎಂದ ಸಾಹೇಬ. “ಮೆಷರೇಬಲ್ ಅಂದ್ರೆ ಅಳೆಯೋಕೆ ಬರೋದು. ಮೆತ್ತಗಾಗಿದೆ ಅಂತೀರಿ. ಎಷ್ಟು ಮೆತ್ತಗೆ? ಯಾವುದರಲ್ಲಿ ಅಳೆದ್ರಿ?”

“ನನ್ನ ತಲೇಲಿ ಅಳೆದೆ. ಅವನು ಕೈ ಇಟ್ಟದ್ದು ನನ್ನ ತಲೆ ಮೇಲೆ. ನಿಮ್ಮ ತಲೆ ತನ್ನಿ, ಇಡಿಸ್ತೀನಿ, ನೀವೂ ಅಳ್ಕೊಳ್ಳಿ.”

ಮೇಜು ಗುದ್ದಿದೆನಂತೆ, ನೀರಿನ ಲೋಟ ಉರುಳಿತಂತೆ. ನನಗೆ ನೆನಪಿಲ್ಲ, ಗುಮಾಸ್ತ ಆಮೇಲೆ ಹಾಲ್‌ನಲ್ಲೆಲ್ಲ ಹೇಳಿಕೊಂಡು ಬಂದ. ಸಾಹೇಬ ಮಾತ್ರ ಕೂಗಾಡಲಿಲ್ಲ. ಬಾಗಿಲಾಚೆ ತೋರಿಸಿದ. “ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ನೋಡಿ. ಅವರನ್ನೆಲ್ಲ ಬಿಟ್ಟು ನಿಮ್ಮ ಅಣ್ಣನ್ನ ಯಾಕೆ ಇಟ್ಕೊಂಡಿದೀರಿ ಅಂತ ಮೇಲಿನವರು ಕೇಳಿದ್ರೆ, ಕೈ ಮೆತ್ತಗಾಗಿದೆ ಅಂತ ಹೇಳ್ಲಾ? ಶನಿವಾರದೊಳಗೆ ಸರಿಯಾಗಿ ಬರೆದು ತನ್ನಿ. ಇಲ್ಲಾಂದ್ರೆ ಅವರ ಜಾಗ ಬೇರೆಯವರಿಗೆ ಹೋಗುತ್ತೆ.”

ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ್ದಕ್ಕಲ್ಲ. ಹೇಳಿದ್ದು ನಿಜವಾಗಿದ್ದಕ್ಕೆ.

ಸಂಜೆ ಮೇಷ್ಟ್ರ ಮನೆಗೆ ಹೋದೆ, ಅಣ್ಣನನ್ನೂ ಕರೆದುಕೊಂಡು. ಮೇಷ್ಟ್ರು ಟೋಪಿ ತೆಗೆದು ನನ್ನ ವರದಿ ಓದಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಣೆಗೆ ಕೈ ಹಚ್ಚಿಕೊಂಡರು. ಆದರೆ ಅವರ ಮುಖದಲ್ಲಿ ಒಂದು ಕಳೆ ಬಂದಿತ್ತು. ಎಷ್ಟೋ ವರ್ಷದ ಮೇಲೆ ತಿದ್ದುವುದಕ್ಕೆ ಏನೋ ಸಿಕ್ಕಿತ್ತು ಆ ಜೀವಕ್ಕೆ.

“ನೋಡಮ್ಮ, ದೊಡ್ಡದು ಅನ್ನೋಕೆ ಈ ಪದ ಅಲ್ಲ. ಒಂದು ಚಿಟಿಕೆ ಸಕ್ಕರೆನೂ ಮೆಷರೇಬಲ್ಲೇ, ತೂಗೋಕೆ ತಕ್ಕಡಿ ಇದ್ರೆ. ನಿನ್ನ ಸಿಟ್ಟು ಬೆಟ್ಟದಷ್ಟಿದೆ, ಆದ್ರೂ ಮೆಷರೇಬಲ್ ಅಲ್ಲ.”

“ಅದಕ್ಕೆ ನಾನಿದೀನಲ್ಲ ಮೇಷ್ಟ್ರೇ, ತಕ್ಕಡಿ,” ಎಂದ ಅಣ್ಣ.

“ನೀನು ಸುಮ್ನಿರಯ್ಯ. ಕೇಳಮ್ಮ. ಈ ಪದ ಬರೆಯೋ ಮುಂಚೆ ನಾಲ್ಕು ವಿಷಯ ಕೈಲಿರಬೇಕು. ಏನನ್ನ ಅಳೆದದ್ದು, ಯಾವುದರಿಂದ ಅಳೆದದ್ದು, ಈಗ ಎಷ್ಟಿದೆ, ಎಷ್ಟಾಗಬೇಕು. ಇದರಲ್ಲಿ ಒಂದು ಇಲ್ಲ ಅಂದ್ರೂ ಆ ಪದ ಬಳಸೋ ಹಕ್ಕು ನಿನಗಿಲ್ಲ. ಕೈ ಮೆತ್ತಗಿದೆ ಅನ್ನೋದನ್ನ ಬೇರೆ ಪದದಲ್ಲಿ ಬರೆಯೋಣ, ಚೆಂದದ ಪದಗಳು ಬೇಕಾದಷ್ಟಿವೆ.”

“ಬೇರೆ ಪದ ಅವನಿಗೆ ಬೇಡ. ಇದೇ ಬೇಕಂತೆ.”

ಮೇಷ್ಟ್ರು ಗಲ್ಲ ಕೆರೆದುಕೊಂಡರು. “ಹಾಗಾದ್ರೆ ಆ ಕೇಂದ್ರದಲ್ಲಿ ಅಳೆಯೋಕೆ ಏನಿದೆ?”

ಇದ್ದದ್ದು ಒಂದೇ. ಹಿಡಿಯ ಮೀಟರು. ಹಿಡಿಕೆಯನ್ನು ಮುಷ್ಟಿಯಲ್ಲಿ ಅಮುಕಿದರೆ ಎಷ್ಟು ಕಿಲೋ ಬಲ ಎಂದು ಮುಳ್ಳು ತೋರಿಸುತ್ತದೆ. ಅಣ್ಣನ ಎಡಗೈ ಮೂರು ಕಿಲೋ ತೋರಿಸಿತ್ತು.

ಮರುದಿನ ಫಿಸಿಯೋ ಹುಡುಗಿಯನ್ನು ಕೇಳಿದೆವು. ಅವಳು ಹಲಗೆಯ ಪಟ್ಟಿ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. “ಹಿಡಿಯೋದು ಹೇಗೂ ಬರುತ್ತೆ ಆಂಟಿ. ಬಿಡೋದೇ ಕಷ್ಟ. ಈಗಲೇ ಜೋರಾಗಿ ಅಮುಕ್ತಾ ಹೋದ್ರೆ ಬೆರಳು ಮಡಚ್ಕೊಂಡು ಕೂತ್ಬಿಡಬಹುದು.”

“ಬಿಡೋದನ್ನ ಅಳೆಯೋಕೆ ಏನಾದ್ರೂ ಇದೆಯಾ?”

“ಬೆರಳು ಎಷ್ಟು ಬಿಚ್ಚುತ್ತೆ ಅಂತ ಅಳೆಯೋ ಸಲಕರಣೆ ಇದೆ, ನಮ್ಮಲ್ಲಿಲ್ಲ. ಕೇಳಿದ್ದೆ, ತರಿಸಿಕೊಡ್ಲಿಲ್ಲ. ಆದ್ರೆ ಅಂಕಲ್ ಮೊನ್ನೆ ನಿಮ್ಮ ತಲೆ ವಾಲಿಸಿದ್ರಲ್ಲ, ಅದನ್ನ ಅಳೆಯೋಕೆ ಎಲ್ಲೂ ಏನೂ ಇಲ್ಲ.”

“ಮತ್ತೆ ಏನು ಬರೀಲಿ ಹೇಳು. ನೀನೇ ಹೇಳು.”

ಅವಳು ಅಣ್ಣನ ಅಂಗೈಯನ್ನೇ ನೋಡುತ್ತಾ ಕೂತಳು.

“ಹನ್ನೆರಡು ಬರೀರಿ,” ಎಂದ ಅಣ್ಣ. “ಹನ್ನೆರಡು ಕಿಲೋ. ಕ್ಷೌರದ ಕೈ ಕಣಮ್ಮ ಇದು, ಇಷ್ಟು ಅಮುಕೋಕೆ ಆಗಲ್ವಾ? ಮೊದಲು ಜಾಗ ಉಳೀಲಿ. ಮೆತ್ತಗೆ ಮಾಡೋದು ಆಮೇಲೆ ನೋಡ್ಕೊಳ್ಳೋಣ.”

ಆ ಸಂಜೆ ಮೇಷ್ಟ್ರು ಹೇಳಿದರು, ನಾನು ಬರೆದೆ. ಎಡಗೈ ಹಿಡಿತದ ಬಲ, ಹಿಡಿಯ ಮೀಟರಿನಲ್ಲಿ, ಮೂರು ಕಿಲೋದಿಂದ ಹನ್ನೆರಡು ಕಿಲೋವರೆಗೆ. ಇದು ನಮ್ಮ ಮೆಷರೇಬಲ್ ಗುರಿ. ಇಡೀ ಪುಟದಲ್ಲಿ ಆ ಪದ ಒಂದೇ ಸಲ ಬಂದಿತ್ತು, ಬರಬೇಕಾದ ಕಡೆ. ಮೇಷ್ಟ್ರು ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಲು ಹೋಗಿ, ಇದು ಆಫೀಸಿಗೆ ಕೊಡುವ ಹಾಳೆ ಎಂದು ನೆನಪಾಗಿ ಕೈ ಹಿಂದೆಗೆದರು. ಮಾರನೆಯ ದಿನ ಸಾಹೇಬ ಓದಿ ಎದ್ದುನಿಂತ. “ಇದು ನೋಡಿ ವರದಿ! ನಮ್ಮ ಡಾಕ್ಟರುಗಳೂ ಇಷ್ಟು ಸರಿಯಾಗಿ ಬರೆಯಲ್ಲ.” ಸುಳ್ಳು ಯಾಕೆ, ನನಗೆ ಹೆಮ್ಮೆಯಾಯಿತು. ಗುಮಾಸ್ತನ ಕಡೆ ಬೇಕಂತಲೇ ಒಂದು ನೋಟ ಬೀರಿ ಹೊರಗೆ ಬಂದೆ.

ಅಲ್ಲಿಂದ ಅಮುಕುವುದು ಶುರುವಾಯಿತು.

ಅಣ್ಣನಿಗೆ ರಬ್ಬರ್ ಚೆಂಡು ಕೊಟ್ಟರು. ಕೂತಲ್ಲಿ, ನಿಂತಲ್ಲಿ ಅಮುಕಿದ. ಬಸ್ಸಿನಲ್ಲಿ ಅಮುಕಿದ. ಚೆಂಡು ಇಲ್ಲದಿದ್ದರೆ ನನ್ನ ಅಂಗಡಿಯ ಒದ್ದೆ ಬಟ್ಟೆ ಹಿಂಡಿದ. ಕೇಂದ್ರದ ಹಾಲ್‌ನಲ್ಲಿ ವಾರಕ್ಕೊಮ್ಮೆ ಮೀಟರು ಹಿಡಿಸುತ್ತಿದ್ದರು. ಮುಳ್ಳು ಒಂದು ಗೆರೆ ಮೇಲೆ ಹೋದರೆ ಕಾಯುತ್ತಾ ಕೂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಅಂದರೆ ಅಣ್ಣನಿಗೆ ಕೇಳಬೇಕೇ, ಸಿನಿಮಾ ಹೀರೋ ಹಾಗೆ ಸುತ್ತ ನೋಡುತ್ತಿದ್ದ. ಫಿಸಿಯೋ ಹುಡುಗಿಗೆ ಒಬ್ಬೊಬ್ಬ ರೋಗಿಗೆ ಸಿಗುವ ಹೊತ್ತು ಮೊದಲೇ ಸ್ವಲ್ಪ. ಆ ಹೊತ್ತೆಲ್ಲ ಈಗ ಮೀಟರಿಗೆ ಹೋಯಿತು, ಅವಳೂ ಮೇಲಿನವರಿಗೆ ಅಂಕಿ ತೋರಿಸಬೇಕಲ್ಲ. ಟವೆಲ್ ಮೂಲೆ ಸೇರಿತು. ಮನೆಯಲ್ಲಿ ಹಲಗೆ ಕಟ್ಟಿಕೊಳ್ಳಿ ಎನ್ನುತ್ತಿದ್ದಳು. ಹಲಗೆ ಕಟ್ಟಿದರೆ ಚೆಂಡು ಅಮುಕಲು ಆಗುವುದಿಲ್ಲ, ಅಣ್ಣ ಬಿಚ್ಚಿ ಎಸೆಯುತ್ತಿದ್ದ.

ಮೊದಲು ನಗುವಂತೆಯೇ ಇತ್ತು. ಒಂದು ದಿನ ಟೀ ಕುಡಿದು ಲೋಟ ವಾಪಸ್ಸು ಕೊಡು ಅಂದರೆ ಅವನ ಎಡಗೈ ಕೊಡಲಿಲ್ಲ.

“ಲೋಟ ಬಿಡೋ.”

“ನಾನು ಬಿಟ್ಟಿದೀನಿ ಕಣೇ ಕೆಂಡ. ಅದು ಬಿಡ್ತಿಲ್ಲ.”

ಇಬ್ಬರೂ ನಕ್ಕೆವು. ನಾನು ಒಂದೊಂದೇ ಬೆರಳು ಬಿಡಿಸಿ ಲೋಟ ತೆಗೆದುಕೊಂಡೆ. ಇನ್ನೊಂದು ದಿನ ಬಸ್ಸಿನ ಕಂಬಿ ಹಿಡಿದವನು ಇಳಿಯುವ ಕಡೆ ಇಳಿಯಲಾಗದೆ ಮುಂದಿನ ಸ್ಟಾಪಿಗೆ ಹೋದ. ಕಂಡಕ್ಟರು ಬೈದದ್ದನ್ನು ಅವನ ದನಿಯಲ್ಲೇ ಮಾಡಿ ತೋರಿಸಿದ. ಆಗಲೂ ನಕ್ಕೆವು. ಆಮೇಲೆ ಅವನ ಉಗುರು ಕತ್ತರಿಸಲು ಕೂತಾಗ ನಗು ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಚಿ ಅಂಗೈಯಲ್ಲಿ ಉಗುರಿನ ಗುರುತು ಸಾಲಾಗಿ ಮೂಡಿತ್ತು, ಕೆಂಪಗೆ. ಬಿಡಿಸಿ ಹಿಡಿದರೆ ಬಿಟ್ಟಕೂಡಲೇ ಮತ್ತೆ ಮಡಚಿಕೊಳ್ಳುತ್ತಿದ್ದವು.

ಫಿಸಿಯೋ ಹುಡುಗಿ ಅದನ್ನು ನೋಡಿ, “ಸಾಕು ಅಂಕಲ್, ಇನ್ನು ಚೆಂಡು ಮುಟ್ಟಬೇಡಿ,” ಎಂದಳು.

“ಒಂಬತ್ತಾಗಿದೆ ಮಗಳೇ. ಇನ್ನು ಮೂರು.”

“ಮೂರು ಬಿಟ್ಟಾಕಿ. ಕೈ ಹೋಗುತ್ತೆ.”

“ಬಿಟ್ರೆ ಜಾಗ ಹೋಗುತ್ತಲ್ಲ!” ಎಂದು ನಾನು ಹಾರಿಬಿದ್ದೆ. “ಜಾಗ ಹೋದ್ರೆ ನೀನು ಮನೆಗೆ ಬಂದು ಮಾಡಿಸ್ತೀಯಾ? ಸುಮ್ನೆ ಹೆದರಿಸಬೇಡ. ಹನ್ನೆರಡು ಆಗ್ಲಿ, ಆಮೇಲೆ ನಿನ್ನ ಟವೆಲ್ಲು, ನಿನ್ನ ಹಲಗೆ, ವರ್ಷವಿಡೀ ಮಾಡು, ಯಾರು ಬೇಡ ಅಂದ್ರು?”

ಅವಳು ತಲೆ ತಗ್ಗಿಸಿ ಮುಂದಿನ ರೋಗಿಯ ಕಡೆ ಹೋದಳು. ಮನೆಗೆ ಬಂದು ಮಾಡಿಸಬಾರದು ಎಂದು ಅವರಿಗೆ ಕಾಯಿದೆ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ.

ಹನ್ನೆರಡಾದ ದಿನ ಸಾಹೇಬನೇ ಹಾಲ್‌ಗೆ ಬಂದ. ಅಣ್ಣ ಮೀಟರನ್ನು ಹಿಡಿದು, ಕುತ್ತಿಗೆಯ ನರ ಉಬ್ಬುವಂತೆ ಅಮುಕಿದ. ಮುಳ್ಳು ಹನ್ನೆರಡು ದಾಟಿ ನಿಂತಿತು. ದೊಡ್ಡ ಚಪ್ಪಾಳೆ. ಮೀಟರನ್ನು ಅವನ ಕೈಯಿಂದ ಬಿಡಿಸಲು ನಾನೂ ಫಿಸಿಯೋ ಹುಡುಗಿಯೂ ಸೇರಬೇಕಾಯಿತು. ಚಪ್ಪಾಳೆಯ ನಡುವೆ ಅದನ್ನು ಯಾರೂ ನೋಡಲಿಲ್ಲ.

ಸಾಹೇಬ ನಮ್ಮನ್ನು ಆಫೀಸಿಗೆ ಕರೆದು ಒಂದು ಕಾಗದ ಕೊಟ್ಟ. ಅಭಿನಂದನೆ ಅಂದ. ಗುರಿ ಮುಟ್ಟಿದೆ, ಚಿಕಿತ್ಸೆ ಮುಗಿದಿದೆ, ಸೋಮವಾರದಿಂದ ಬರಬೇಕಾಗಿಲ್ಲ.

ನನಗೆ ಮೊದಲು ಅರ್ಥವೇ ಆಗಲಿಲ್ಲ. “ಮುಗಿದಿದೆ ಅಂದ್ರೆ? ಗುರಿ ಮುಟ್ಟಿದ್ರೆ ಜಾಗ ಉಳಿಯುತ್ತೆ ಅಂತಲ್ವಾ ಹೇಳಿದ್ದು?”

“ಗುರಿ ಮುಟ್ಟೋವರೆಗೆ ಉಳಿಯುತ್ತೆ ಅಂತ ಹೇಳಿದ್ದು. ಮುಟ್ಟಿದ ಮೇಲೆ ಇಲ್ಲೇನು ಕೆಲಸ ಅಮ್ಮ? ಇನ್ನೊಬ್ಬರಿಗೆ ಬಿಟ್ಟುಕೊಡಬೇಕಲ್ವಾ?”

ನಾನು ಅಣ್ಣನ ಎಡಗೈಯನ್ನು ಎಳೆದು ಮೇಜಿನ ಮೇಲಿಟ್ಟೆ. “ನೋಡಿ. ಕಣ್ಣು ಬಿಟ್ಟು ನೋಡಿ. ಈ ಕೈ ಬಿಚ್ಚುತ್ತಾ? ಇದರಲ್ಲಿ ಯಾರ ತಲೆ ಹಿಡೀತಾನೆ ಇವನು?”

ಸಾಹೇಬ ನೋಡಿದ. ಕೆಟ್ಟವನೇನಲ್ಲ ಅವನು, ಒಂದು ಕ್ಷಣ ಅವನ ಮುಖ ಸಪ್ಪಗಾಯಿತು. ಆಮೇಲೆ ಫೈಲಿನಿಂದ ನನ್ನ ವರದಿಯನ್ನು ತೆಗೆದು ಆ ಕೈಯ ಪಕ್ಕದಲ್ಲಿಟ್ಟ. ನನ್ನದೇ ಅಕ್ಷರ. “ಇದರಲ್ಲಿ ಬಿಚ್ಚಬೇಕು ಅಂತ ಎಲ್ಲಿದೆ ತೋರಿಸಿ. ನೀವು ಬರೆದದ್ದು ಹಿಡಿತ. ಹಿಡಿತ ಬಂದಿದೆ. ಹನ್ನೆರಡು ಬರೆದ್ರಿ, ಹನ್ನೆರಡಾಗಿದೆ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಬರೆದಿಲ್ಲ. ಹೊಸ ತೊಂದರೆ ಇದ್ರೆ ಹೊಸದಾಗಿ ಅರ್ಜಿ ಕೊಡಿ, ಸಾಲಿನಲ್ಲಿ ಬನ್ನಿ.”

ನನ್ನ ಬಾಯಿಗೆ ಬೈಗುಳವೂ ಬರಲಿಲ್ಲ. ಹುಟ್ಟಿದ ಮೇಲೆ ಹಾಗಾದದ್ದು ಅದೇ ಮೊದಲು. ಅಣ್ಣನೇ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಬಂದ. ಹಾಲ್ ದಾಟುವಾಗ ಫಿಸಿಯೋ ಹುಡುಗಿ ಓಡಿಬಂದು ಪುಟ್ಟ ಹಲಗೆಯನ್ನು ನನ್ನ ಚೀಲಕ್ಕೆ ತುರುಕಿದಳು. “ದಿನಾ ಕಟ್ಟಿ ಆಂಟಿ,” ಎಂದಳು. ಅದು ಕೇಂದ್ರದ ಸಾಮಾನು, ಹೊರಗೆ ಕೊಡುವಂತಿಲ್ಲ. ಆಂಟಿ ಎಂದದ್ದಕ್ಕೆ ಆ ದಿನ ನನಗೆ ಸಿಟ್ಟು ಬರಲಿಲ್ಲ.

ಅಂಗಡಿ ತೆರೆದೆವು. ಕನ್ನಡಿ ಒರೆಸಿದೆ, ಕುರ್ಚಿಗೆ ಎಣ್ಣೆ ಬಿಟ್ಟೆ, ಟವೆಲುಗಳನ್ನು ಇಸ್ತ್ರಿ ಮಾಡಿಟ್ಟೆ. ಮೊದಲ ಗಿರಾಕಿ ಮೇಷ್ಟ್ರು. ಮದುವೆಗೆ ಹೊರಟವರ ಹಾಗೆ ತೊಳೆದ ಅಂಗಿ ಹಾಕಿ ಬಂದಿದ್ದರು. ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಂದು ಪಕ್ಕದ ಕೂದಲು ಕಿವಿ ಮುಚ್ಚಿ ಇಳಿದಿತ್ತು, ಇನ್ನೊಂದು ಪಕ್ಕದ್ದೂ ಬೆಳೆದು ಅಡ್ಡಾದಿಡ್ಡಿಯಾಗಿತ್ತು.

“ಮುಗಿಸಯ್ಯ,” ಎಂದರು.

ಅಣ್ಣ ಬಲಗೈಯಲ್ಲಿ ಕತ್ತರಿ ಹಿಡಿದ. ಎಡಗೈಯನ್ನು ಎತ್ತಿ ಅವರ ತಲೆಯ ಮೇಲಿಟ್ಟ. ಇಟ್ಟದ್ದು ಕೈಯಲ್ಲ, ಮುಷ್ಟಿ. ಬೆರಳ ಗೆಣ್ಣುಗಳು ಬೋಳು ನೆತ್ತಿಗೆ ಒತ್ತಿದವು. ವಾಲಿಸಲು ಹೋದ, ಮೇಷ್ಟ್ರ ತಲೆ ದಡಕ್ಕನೆ ಆಚೆ ಹೋಯಿತು. ಮತ್ತೆ ನೆಟ್ಟಗೆ ಮಾಡಿಕೊಂಡರು. ಅಣ್ಣ ಬಲಗೈಯಿಂದಲೇ ಎಡಗೈಯ ಎರಡು ಬೆರಳು ಬಿಡಿಸಿ, ಆ ಸಂದಿನಲ್ಲಿ ಅವರ ಕಿವಿಯನ್ನು ಸಿಕ್ಕಿಸಿ ಹಿಡಿಯಲು ನೋಡಿದ. ಬೆರಳು ಮುಚ್ಚಿಕೊಂಡವು. ಹನ್ನೆರಡು ಕಿಲೋ. ಮೇಷ್ಟ್ರು ಕುರ್ಚಿಯ ಕೈ ಹಿಡಿದು, ಕಣ್ಣು ಮುಚ್ಚಿ, ಒಂದು ಶಬ್ದವನ್ನೂ ಮಾಡದೆ ಕೂತರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಓಡಿಹೋಗಿ ಬೆರಳು ಬಿಡಿಸಿದೆ. ಕಿವಿ ಟೊಮೇಟೊ ಹಾಗಾಗಿತ್ತು.

“ಪರವಾಗಿಲ್ಲ, ಪರವಾಗಿಲ್ಲ,” ಎಂದರು ಮೇಷ್ಟ್ರು. “ಹಾಗೇ ಕತ್ತರಿಸು. ತಲೆ ನಾನೇ ವಾಲಿಸಿಕೊಳ್ತೀನಿ.”

ಅವರೇ ತಲೆಯನ್ನು ಆಚೆ ಈಚೆ ವಾಲಿಸಿದರು, ಅಣ್ಣ ಒಂದು ಕೈಯಲ್ಲಿ ಕತ್ತರಿಸಿದ. ಮುಗಿದಾಗ ಮೂವರೂ ಕನ್ನಡಿಯಲ್ಲಿ ಆ ತಲೆಯನ್ನು ನೋಡಿದೆವು. ಇದಕ್ಕಿಂತ ಮೊದಲಿನ ಅರ್ಧ ತಲೆಯೇ ವಾಸಿಯಾಗಿತ್ತು.

“ಚೆನ್ನಾಗಿದೆ,” ಎಂದು ಮೇಷ್ಟ್ರು ಟೋಪಿ ಹಾಕಿಕೊಂಡರು. ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, “ನಾವು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲಮ್ಮ,” ಎಂದರು.

“ಇರ್ಲಿಲ್ಲ ಮೇಷ್ಟ್ರೇ. ಒಂದೂ ತಪ್ಪಿರ್ಲಿಲ್ಲ. ಮನೆಗೆ ಹೋಗಿ.”

ಅಷ್ಟು ಒರಟಾಗಿ ಹೇಳಬಾರದಿತ್ತು ಎಂದು ಅಣ್ಣ ಆಮೇಲೆ ಬೈದ. ಹೇಳಬೇಕಾದದ್ದು ಇನ್ನೂ ಇತ್ತು, ನುಂಗಿಕೊಂಡೆ ಎಂದು ಅವನಿಗೇನು ಗೊತ್ತು.

ಗಿರಾಕಿಗಳು ಬಂದರು, ಒಂದು ಸಲ. ಎರಡನೇ ಸಲ ಬೀದಿಯ ಆಚೆಯ ಅಂಗಡಿಗೆ ಹೋದರು, ನಮ್ಮ ಬಾಗಿಲ ಮುಂದೆ ಬಂದಾಗ ಮಾತ್ರ ನಡಿಗೆ ಜೋರು ಮಾಡಿ. ತಲೆ ನಾನು ಹಿಡಿದುಕೊಳ್ಳುತ್ತೇನೆ, ನೀನು ಕತ್ತರಿಸು ಎಂದು ಅಣ್ಣನಿಗೆ ಹೇಳಿದೆ. ಒಬ್ಬ ಗಿರಾಕಿಗೆ ಹಿಡಿದೂ ನೋಡಿದೆ. “ಅಮ್ಮಾ, ಇದೇನು ತೆಂಗಿನಕಾಯಾ?” ಎಂದ ಅವನು. ನನ್ನ ಕೈಗೆ ಇಸ್ತ್ರಿಪೆಟ್ಟಿಗೆ ಒತ್ತುವುದು ಗೊತ್ತು, ಅಷ್ಟೇ.

ಈಗ ಅಣ್ಣ ನನ್ನ ಅಂಗಡಿಯಲ್ಲಿ ಕೂರುತ್ತಾನೆ. ಬಟ್ಟೆಗೆ ಚೀಟಿ ಅಂಟಿಸುತ್ತಾನೆ, ಬಂದವರನ್ನು ಮಾತಾಡಿಸುತ್ತಾನೆ. ಹಲಗೆ ದಿನಾ ಕಟ್ಟುತ್ತೇನೆ. ಬಿಚ್ಚಿದ ಮೇಲೆ ಬೆರಳು ಸ್ವಲ್ಪ ಹೊತ್ತು ಸಡಿಲವಾಗಿರುತ್ತವೆ, ನಾವಿಬ್ಬರೂ ಅದನ್ನೇ ನೋಡುತ್ತಾ ಕೂರುತ್ತೇವೆ, ಆಮೇಲೆ ಮಡಚಿಕೊಳ್ಳುತ್ತವೆ. ಹೊಸ ಅರ್ಜಿ ಕೊಟ್ಟಿದ್ದೇವೆ. ಸಾಲು ಉದ್ದ ಇದೆ.

ಮೊನ್ನೆ ಮಧ್ಯಾಹ್ನ ಒಬ್ಬ ಹೆಂಗಸು ವಿಳಾಸ ಕೇಳಿಕೊಂಡು ಬಂದಳು. ಕೇಂದ್ರದಿಂದ ಬಂದವಳು. ಸಾಹೇಬ ನನ್ನ ವರದಿಯನ್ನು ಹೊರಗೋಡೆಗೆ ಅಂಟಿಸಿದ್ದಾನಂತೆ, ಎಲ್ಲರೂ ಹೀಗೇ ಬರೆಯಬೇಕು ಎಂದು. ಅವಳು ಅದನ್ನು ನೋಡಿ ಒಂದಕ್ಷರ ಬಿಡದೆ ನಕಲು ಮಾಡಿಕೊಂಡು ಬಂದಿದ್ದಳು. “ಆ ಮೆಷರೇಬಲ್ ಅನ್ನೋ ಪದ ಸರಿಯಾಗಿ ಬಂದಿದೆಯಾ ಅಕ್ಕ, ಸ್ವಲ್ಪ ನೋಡಿ,” ಎಂದಳು.

ನೋಡಿದೆ. ಅಣ್ಣ ಎಂದಿದ್ದ ಕಡೆ ಗಂಡ ಎಂದು ಮಾಡಿದ್ದಳು. ಮಿಕ್ಕದ್ದೆಲ್ಲ ನಮ್ಮದೇ. ಎಡಗೈ ಹಿಡಿತದ ಬಲ, ಮೂರು ಕಿಲೋದಿಂದ ಹನ್ನೆರಡು.

“ಪದ ಸರಿಯಾಗೇ ಇದೆ. ನಿಮ್ಮೆಜಮಾನ್ರಿಗೂ ಎಡಗೈನಾ?”

“ಕೈಗೇನೂ ಆಗಿಲ್ಲ ಅಕ್ಕ. ಅವರಿಗೆ ಮಾತು ಹೋಗಿದೆ.”

ಅಣ್ಣ ನಗಲು ಶುರುಮಾಡಿದ. ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ. ಆ ಹೆಂಗಸು ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಅವನನ್ನು ಗದರಿಸಿ ಸುಮ್ಮನಾಗಿಸಿ, ಅವಳನ್ನು ಕೂರಿಸಿ, ಇಸ್ತ್ರಿಪೆಟ್ಟಿಗೆ ಆರಿಸಿದೆ.

“ಅವರು ಏನು ಮಾಡೋ ಹಾಗಾಗ್ಬೇಕು ನಿಂಗೆ? ಯಾರೋ ಬರೆದಿದ್ದನ್ನ ಹೇಳಬೇಡ. ನಿಂಗೇನು ಬೇಕು ಹೇಳು.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನನ್ನ ಹೆಸರು ಹಿಡಿದು ಕರೀಬೇಕು. ಬೆಳಿಗ್ಗೆ ಒಲೆ ಮುಂದೆ ಇದ್ರೆ ಒಳಗಿಂದ ಕರೀತಿದ್ರು, ಸುಮ್ ಸುಮ್ನೆ, ಏನೂ ಕೆಲಸ ಇರ್ತಿರ್ಲಿಲ್ಲ. ಹಾಗೆ ಕರೆದ್ರೆ ಸಾಕು.”

ನಾನು ಅವಳ ಹಾಳೆಯನ್ನು ಹರಿದು, ಹೊಸ ಹಾಳೆ ತೆಗೆದೆ. ಫ್ಯಾನಿನ ಗಾಳಿಗೆ ಅದು ಎದ್ದೆದ್ದು ಬೀಳುತ್ತಿತ್ತು. ಅಣ್ಣ ತನ್ನ ಎಡಗೈಯನ್ನು ಎತ್ತಿ ಅದರ ಮೂಲೆಯ ಮೇಲಿಟ್ಟ. ಹಾಳೆ ಅಲ್ಲಾಡಲಿಲ್ಲ. ‘ಏನನ್ನು ಅಳೆಯಬೇಕು’ ಎಂದು ಬರೆದೆ. ಅಲ್ಲಿಗೆ ಪೆನ್ನು ನಿಂತಿತು. ಎಷ್ಟು ಹೊತ್ತು ಯೋಚಿಸಿದರೂ ಬೇರೆ ದಾರಿ ಕಾಣಲಿಲ್ಲ. ಸುಮ್ಮನೆ ಕರೆಯಲಿ ಎಂದು ಬರೆದರೆ ಸಾಹೇಬ ಓದಿ ಗುಮಾಸ್ತನಿಗೆ ಕೇಳಿಸುತ್ತಾನೆ, ಶನಿವಾರದೊಳಗೆ ಇವಳ ಗಂಡ ಹೊರಗೆ.

“ಹೇಳಮ್ಮ,” ಎಂದೆ. “ದಿನಕ್ಕೆ ಎಷ್ಟು ಸಲ ಕರೀತಿದ್ರು?”

ಅವಳು ನೆನಪು ಮಾಡಿಕೊಳ್ಳುತ್ತಾ ಒಂದೊಂದೇ ಬೆರಳು ಮಡಚತೊಡಗಿದಳು.